ಹಿತ್ತಲ ಗಿಡ ಮದ್ದಾಗುವುದು ಯಾವಾಗ?

ಹಾನುಬಾಳಿನ ಕಡೆ ಇರುವ ನಮ್ಮ ಚಿಕ್ಕಮ್ಮನ ಮನೆಗೆ ಹೋದವರು ಬರಿಗೈಯಲ್ಲಿ ವಾಪಸ್ ಬರುವುದಿಲ್ಲ. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಇನ್ಸುಲಿನ್ ಗಿಡ ಸೊಂಪಾಗಿ ಬೆಳೆದಿದೆ. ಅದರ ಎರಡು ಕಾಂಡ ಮುರಿದು, ಹಳೇ ಪೇಪರಿನಲ್ಲಿ ಸುತ್ತಿ ಕೈಗಿಡುತ್ತಾರೆ. "ಸುಮ್ನೆ ಮಣ್ಣಿಗೆ ಚುಚ್ಚಿದ್ರೆ ಸಾಕು, ಹತ್ಕೊಳತ್ತೆ." ಗಿಡ ನೋಡೋಕೂ ಚಂದ. ಎಲೆಗಳು ಕಾಂಡದ ಸುತ್ತ ಸುರುಳಿ ಮೆಟ್ಟಿಲಿನ ಹಾಗೆ ಏರುತ್ತಾ ಹೋಗುತ್ತವೆ. ಎಲೆ ಅಗಿದರೆ ಮೊದಲು ಹುಳಿ, ಆಮೇಲೆ ಸ್ವಲ್ಪ ಒಗರು. ಚಿಕ್ಕಮ್ಮ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಎರಡು ಎಲೆ ಅಗಿಯುತ್ತಾರೆ.

ಹೋದ ಮಳೆಗಾಲದಲ್ಲಿ ಅವರು ಶುಗರ್ ಮಾತ್ರೆ ಬಿಟ್ಟುಬಿಟ್ಟರು. ಯಾರಿಗೂ ಹೇಳಲಿಲ್ಲ. ತೋಟದಲ್ಲಿ ಕಾಲಿಗೆ ಇಂಬಳ ಕಚ್ಚಿದ ಜಾಗ ಕೆರೆದು ಹುಣ್ಣಾಗಿ, ಒಂದು ತಿಂಗಳಾದರೂ ಮಾಯದೇ ಇದ್ದಾಗ ಸಂಗತಿ ಹೊರಗೆ ಬಂತು. ಖಾಲಿ ಹೊಟ್ಟೆಯ ಶುಗರ್ 262 ಇತ್ತು. "ಎಲೆ ತಿಂತೀನಲ್ಲ ಕಣೋ, ಅದೂ ಇದೂ ಎರಡೆರಡು ಯಾಕೆ ಅಂತ ಬಿಟ್ಟೆ" ಅಂದರು.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಹುಟ್ಟಿದ್ದು ಕೈಗೆ ಸಿಗುವುದನ್ನು ಜನ ಕಡೆಗಣಿಸುತ್ತಾರೆ ಅಂತ ಹೇಳೋಕೆ. ವಾಟ್ಸಾಪ್ ಬಂದ ಮೇಲೆ ಗಾದೆ ಉಲ್ಟಾ ಹೊಡೆದಿದೆ. ಈಗ ಹಿತ್ತಲಲ್ಲಿ ಇರುವುದೆಲ್ಲ ಮದ್ದೇ. ಅದಕ್ಕೊಂದು ವಿಜ್ಞಾನದ ಹೆಸರೂ ಸಿಕ್ಕಿದೆ: ಫ್ಲೇವನಾಯ್ಡ್. "ಈ ಎಲೆಯಲ್ಲಿ ಫ್ಲೇವನಾಯ್ಡ್ ಇದೆ, ಸಕ್ಕರೆ ಕಾಯಿಲೆ ಬೇರುಸಮೇತ ಹೋಗುತ್ತೆ" ಅನ್ನುವ ಸಂದೇಶ ನಿಮಗೂ ಬಂದಿರುತ್ತದೆ ಅಲ್ವಾ? ಆ ಸಂದೇಶದಲ್ಲಿ ಅರ್ಧ ನಿಜ ಇದೆ. ಅದಕ್ಕೇ ಅದು ಅಪಾಯ.

ಮೊದಲು ಆ ಗಿಡದ ಹೆಸರಿನ ವಿಷಯ ಮುಗಿಸಿಬಿಡೋಣ. ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ. ಇನ್ಸುಲಿನ್ ಅನ್ನುವುದು 51 ಅಮೈನೋ ಆಮ್ಲಗಳನ್ನು ಪೋಣಿಸಿದ ಪುಟ್ಟ ಪ್ರೋಟೀನು. ಎಲೆಯಲ್ಲಿ ಇದ್ದರೂ ನಮ್ಮ ಹೊಟ್ಟೆ ಅದನ್ನು ಬೇಳೆ ಅರಗಿಸಿದ ಹಾಗೆ ಅರಗಿಸಿಬಿಡುತ್ತಿತ್ತು. ಇನ್ಸುಲಿನ್ನನ್ನು ಚುಚ್ಚಿಸಿಕೊಳ್ಳುವುದು ಅದೇ ಕಾರಣಕ್ಕೆ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಗಿಡದ ಎಲೆಯಲ್ಲಿ ಇರುವುದು ಬೇರೆ ಏನೇನೋ. ಅದರಲ್ಲಿ ಕೆಲವು ಫ್ಲೇವನಾಯ್ಡ್‌ಗಳೂ ಸೇರಿವೆ.

ಫ್ಲೇವನಾಯ್ಡನ್ನು ಕಣ್ಣಾರೆ ನೋಡಬೇಕಾದರೆ ಲ್ಯಾಬಿಗೆ ಹೋಗಬೇಕಿಲ್ಲ. ಜೂನ್ ತಿಂಗಳಲ್ಲಿ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಒಂದು ಪೊಟ್ಟಣ ನೇರಳೆ ಹಣ್ಣು ತನ್ನಿ. ತಿಂದು ಕೈ ನೋಡಿಕೊಳ್ಳಿ, ಕೆಂಪು ಮಿಶ್ರಿತ ನೇರಳೆ. ಈಗ ಬಟ್ಟೆ ಸೋಪು ಹಚ್ಚಿ. ಕಲೆ ಹೋಗುವ ಬದಲು ನೀಲಿಗೆ ತಿರುಗುತ್ತದೆ. ಅದರ ಮೇಲೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಕೆಂಪಗಾಗುತ್ತದೆ. ಹೀಗೆ ಹುಳಿಗೂ ಕ್ಷಾರಕ್ಕೂ ಬಣ್ಣ ಬದಲಿಸುವ ವಸ್ತುವಿನ ಹೆಸರು ಆಂಥೋಸಯನಿನ್. ಇದು ಫ್ಲೇವನಾಯ್ಡ್ ಬಳಗದ್ದು. ಹಣ್ಣಾದ ಕಾಫಿಯ ಸಿಪ್ಪೆಯನ್ನು ಕೆಂಪು ಮಾಡುವುದೂ ಇದೇ ಬಳಗ. ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಹೊರಗೆ ಬಂದು ರಾಶಿ ಬೀಳುವ ಸಿಪ್ಪೆಯಲ್ಲಿ ನಾವು ಎಸೆಯುವುದು ಅದನ್ನೇ.

ಬಳಗ ದೊಡ್ಡದು. ಗುರುತಿಸಿರುವುದೇ 6000ಕ್ಕೂ ಜಾಸ್ತಿ. ಎಲ್ಲರ ಮೈಕಟ್ಟು ಮಾತ್ರ ಒಂದೇ: 15 ಇಂಗಾಲದ ಪರಮಾಣುಗಳು, ಆ ಕಡೆಗೊಂದು ಉಂಗುರ, ಈ ಕಡೆಗೊಂದು ಉಂಗುರ, ನಡುವೆ ಮೂರು ಇಂಗಾಲದ ಸೇತುವೆ. ಆ ಚೌಕಟ್ಟಿಗೆ ಎಲ್ಲೆಲ್ಲಿ ಏನು ತಗಲಿಸಿದೆ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಈರುಳ್ಳಿಯಲ್ಲಿ, ನುಗ್ಗೆಸೊಪ್ಪಿನಲ್ಲಿ ಇರುವುದು ಕ್ವರ್ಸೆಟಿನ್. ಕಿತ್ತಳೆ ಸಿಪ್ಪೆಯಲ್ಲಿ ಹೆಸ್ಪೆರಿಡಿನ್. ಚಕ್ಕೋತದ ಕಹಿ ನರಿಂಜಿನ್‌ನಿಂದ. ಟೀ ಸೊಪ್ಪಿನಲ್ಲಿ ಕ್ಯಾಟೆಚಿನ್. ಸೋಯಾದಲ್ಲಿ ಜೆನಿಸ್ಟೀನ್. ರಾಗಿಯ ಕಂದು ಸಿಪ್ಪೆಯಲ್ಲೂ ಒಂದಷ್ಟು ಇವೆ. ಗಿಡ ಇವನ್ನು ಮಾಡಿಕೊಳ್ಳುವುದು ನಮಗಾಗಿ ಅಲ್ಲ, ತನಗಾಗಿ. ಬಿಸಿಲಿನ ಅತಿನೇರಳೆ ಕಿರಣ ತಡೆಯೋಕೆ, ಹುಳ ಮತ್ತು ಬೂಸ್ಟನ್ನು ದೂರ ಇಡೋಕೆ, ದುಂಬಿಯನ್ನು ಕರೆಯೋಕೆ.

ಒಂದು ಗೊಂದಲ ಇಲ್ಲೇ ಬಿಡಿಸಬೇಕು. ಸಕ್ಕರೆ ಕಾಯಿಲೆಗೆ ಅಂತ ಹೆಸರು ಮಾಡಿದ ಗಿಡಗಳಲ್ಲಿ ಕೆಲಸ ಮಾಡುತ್ತವೆ ಅಂತ ಹೇಳುವ ಮುಖ್ಯ ವಸ್ತುಗಳು ಬಹಳಷ್ಟು ಸಲ ಫ್ಲೇವನಾಯ್ಡ್ ಅಲ್ಲವೇ ಅಲ್ಲ. ಮಧುನಾಶಿನಿಯ ಜಿಮ್ನೆಮಿಕ್ ಆಮ್ಲ ಸಪೋನಿನ್ ಜಾತಿ. ಹಾಗಲಕಾಯಿಯ ಚರಾಂಟಿನ್ ಬೇರೆ. ಮೆಂತ್ಯದಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಅದರ ಲೋಳೆಯಂಥ ನಾರು. ಅರಿಶಿನದ ಕರ್ಕ್ಯುಮಿನ್ ದೂರದ ನೆಂಟ ಅಷ್ಟೆ. ನಮ್ಮ ಕಾಫಿ ಬೀಜದ ಕ್ಲೋರೋಜೆನಿಕ್ ಆಮ್ಲವೂ ಫ್ಲೇವನಾಯ್ಡ್ ಅಲ್ಲ, ಅದೂ ಹುರಿಯುವಾಗ ಬಹಳಷ್ಟು ಹಾಳಾಗುತ್ತದೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಫ್ಲೇವನಾಯ್ಡ್ ಅಂತ ಚೀಟಿ ಅಂಟಿಸುವುದು ಈಗಿನ ಫ್ಯಾಷನ್. ಇಂಥ ಉತ್ಸಾಹ ಹೊಸದೇನಲ್ಲ ಅನ್ನಿ. 1936ರಲ್ಲಿ ಆಲ್ಬರ್ಟ್ ಸೆಂಟ್ ಜಾರ್ಜಿ ಇವನ್ನು 'ವಿಟಮಿನ್ ಪಿ' ಅಂತ ಕರೆದರು. ಮರುವರ್ಷವೇ ನೊಬೆಲ್ ಪಡೆದ ವಿಜ್ಞಾನಿ. ಆದರೂ ಅದು ವಿಟಮಿನ್ ಅಲ್ಲ ಅಂತ ಗೊತ್ತಾಗಿ ಮುಂದೆ ಆ ಹೆಸರನ್ನು ಕೈಬಿಟ್ಟರು.

ಈಗ ಒಂದು ಅಕ್ಕಿ ರೊಟ್ಟಿಯ ಹಿಂದೆ ಹೋಗೋಣ. ರೊಟ್ಟಿಯ ಪಿಷ್ಟವನ್ನು ಕರುಳಿನ ಕಿಣ್ವಗಳು ಕತ್ತರಿಸಿ ಗ್ಲೂಕೋಸ್ ಮಾಡುತ್ತವೆ. ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ. ಇನ್ಸುಲಿನ್ ಹೇಳಿದ ಮೇಲೆ ಸ್ನಾಯುಗಳು ಬಾಗಿಲು ತೆರೆದು ಗ್ಲೂಕೋಸ್ ಒಳಗೆ ಎಳೆದುಕೊಳ್ಳುತ್ತವೆ, ಲಿವರ್ ತಾನು ಸಕ್ಕರೆ ತಯಾರಿಸುವುದನ್ನು ನಿಲ್ಲಿಸುತ್ತದೆ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಬಾಗಿಲು ಬಿಗಿಯಾಗಿರುತ್ತದೆ, ಲಿವರ್ ಮಾತು ಕೇಳುವುದಿಲ್ಲ, ಬೀಟಾ ಕೋಶಗಳು ದುಡಿದು ದುಡಿದು ಸೋಲುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ.

ಫ್ಲೇವನಾಯ್ಡ್‌ಗಳ ಬಗ್ಗೆ ವಿಜ್ಞಾನಿಗಳಿಗೆ ಆಸೆ ಹುಟ್ಟಿದ್ದು ಯಾಕೆ ಅಂದರೆ, ರೊಟ್ಟಿಯ ಈ ದಾರಿಯ ಸುಮಾರು ಎಲ್ಲಾ ತಿರುವಿನಲ್ಲೂ ಅವು ಕೈ ಹಾಕುತ್ತವೆ. ಗಾಜಿನ ತಟ್ಟೆಯಲ್ಲಿ ನೋಡಿದರೆ, ಪಿಷ್ಟ ಕತ್ತರಿಸುವ ಕಿಣ್ವವನ್ನು ಕ್ವರ್ಸೆಟಿನ್, ಲ್ಯುಟಿಯೋಲಿನ್ ಥರದವು ಅಡ್ಡಗಟ್ಟುತ್ತವೆ. ಸಕ್ಕರೆ ಕಾಯಿಲೆಗೆ ಕೊಡುವ ಅಕಾರ್ಬೋಸ್ ಮಾತ್ರೆ ಮಾಡುವ ಕೆಲಸವೂ ಅದೇ. ಕೆಲವು ಫ್ಲೇವನಾಯ್ಡ್‌ಗಳು ಎಎಂಪಿಕೆ ಅನ್ನುವ ಸ್ವಿಚ್ ಒತ್ತುತ್ತವೆ. ಆಗ ಕೋಶ 'ಶಕ್ತಿ ಕಡಿಮೆ ಆಯ್ತು' ಅಂದುಕೊಂಡು ಗ್ಲೂಕೋಸಿಗೆ ಬಾಗಿಲು ತೆರೆಯುತ್ತದೆ. ಇನ್ನು ಕೆಲವು ಬೀಟಾ ಕೋಶಗಳನ್ನು ಉರಿಯೂತದಿಂದ ಕಾಪಾಡುತ್ತವೆ. ಇದೆಲ್ಲ ಸುಳ್ಳಲ್ಲ. ತಟ್ಟೆಯಲ್ಲಿ ಮತ್ತೆ ಮತ್ತೆ ಕಂಡದ್ದು.

ತೊಂದರೆ ಶುರುವಾಗುವುದು ತಟ್ಟೆಯಿಂದ ಹೊಟ್ಟೆಗೆ ಬಂದಾಗ.

ನಮ್ಮ ಕರುಳು ಮತ್ತು ಲಿವರ್ ಫ್ಲೇವನಾಯ್ಡನ್ನು ಊಟ ಅಂತ ನೋಡುವುದಿಲ್ಲ, ಹೊರಗಿನಿಂದ ನುಗ್ಗಿದ ಸರಕು ಅಂತ ನೋಡುತ್ತವೆ. ಬಂದ ತಕ್ಷಣ ಅದಕ್ಕೊಂದು ಬಾಲ ಅಂಟಿಸಿ, ನೀರಲ್ಲಿ ಕರಗುವಂತೆ ಮಾಡಿ, ಹೊರಗೆ ಕಳಿಸುವ ಏರ್ಪಾಡು ಮಾಡುತ್ತವೆ. ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಮುರಿದು ಬೇರೆ ಏನೋ ಮಾಡುತ್ತವೆ. ತಟ್ಟೆಯ ಪ್ರಯೋಗದಲ್ಲಿ ಸಾಮಾನ್ಯವಾಗಿ ಹಾಕುವುದು ಲೀಟರಿಗೆ 10ರಿಂದ 100 ಮೈಕ್ರೋಮೋಲ್. ಊಟ ಆದ ಮೇಲೆ ರಕ್ತದಲ್ಲಿ ಸಿಗುವುದು ಬಹುತೇಕ 1 ಮೈಕ್ರೋಮೋಲಿಗಿಂತ ಕಡಿಮೆ. ಅದೂ ಬಾಲ ಅಂಟಿಸಿಕೊಂಡ ರೂಪದಲ್ಲಿ.

ಈರುಳ್ಳಿಯ ಲೆಕ್ಕ ಹಾಕಿ ನೋಡಿ. 100 ಗ್ರಾಂ ಈರುಳ್ಳಿಯಲ್ಲಿ ಸುಮಾರು 20ರಿಂದ 40 ಮಿಲಿಗ್ರಾಂ ಕ್ವರ್ಸೆಟಿನ್ ಇರುತ್ತದೆ. ಕ್ವರ್ಸೆಟಿನ್ ಬಗ್ಗೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಎಷ್ಟೋ ಸಲ ಕೊಟ್ಟಿದ್ದು ದಿನಕ್ಕೆ 500 ಮಿಲಿಗ್ರಾಂ. ಅಷ್ಟು ಬೇಕಾದರೆ ದಿನಾ ಒಂದೂಕಾಲರಿಂದ ಎರಡೂವರೆ ಕಿಲೋ ಈರುಳ್ಳಿ ತಿನ್ನಬೇಕು. ಮನೆಯಲ್ಲಿ ಯಾರೂ ಹತ್ತಿರ ಸುಳಿಯುವುದಿಲ್ಲ. ಅದಿರಲಿ, ಕ್ವರ್ಸೆಟಿನ್ ಜಾಸ್ತಿ ಇರುವುದು ಹೊರಗಿನ ಪದರಗಳಲ್ಲಿ. ನಾವು ಸಿಪ್ಪೆ ಜೊತೆ ಒಂದು ಪದರ ಕಿತ್ತು ತಿಪ್ಪೆಗೆ ಹಾಕುತ್ತೇವಲ್ಲ, ಅಲ್ಲಿ.

ಇಲಿಗಳ ಕಥೆಯೂ ಹೀಗೇ. "ಇಲಿಗಳ ಮೇಲೆ ಸಾಬೀತಾಗಿದೆ" ಅನ್ನುವ ಮಾತು ಕೇಳಿದಾಗ ಎರಡು ಪ್ರಶ್ನೆ ಕೇಳಬೇಕು. ಒಂದು, ಆ ಇಲಿಗೆ ಕಾಯಿಲೆ ಬಂದದ್ದು ಹೇಗೆ? ಬಹುತೇಕ ಸ್ಟ್ರೆಪ್ಟೋಜೋಟೋಸಿನ್ ಅನ್ನುವ ವಿಷ ಚುಚ್ಚಿ ಅದರ ಬೀಟಾ ಕೋಶಗಳನ್ನು ಸಾಯಿಸಿರುತ್ತಾರೆ. ಅದು ವರ್ಷಗಟ್ಟಲೆ ಅನ್ನ ತಿಂದು, ಹೊಟ್ಟೆ ಬೆಳೆಸಿ, ಐವತ್ತರ ಹೊತ್ತಿಗೆ ಬರುವ ನಮ್ಮ ಕಾಯಿಲೆ ಅಲ್ಲ. ಎರಡನೆಯದು, ಎಷ್ಟು ಕೊಟ್ಟರು? ಕಿಲೋ ತೂಕಕ್ಕೆ 200 ಮಿಲಿಗ್ರಾಂ ಸಾರ ಕೊಟ್ಟರು ಅಂತಿಟ್ಟುಕೊಳ್ಳಿ. ಇಲಿಯ ಡೋಸನ್ನು ಮನುಷ್ಯರಿಗೆ ಹೊಂದಿಸುವಾಗ ಸುಮಾರು ಆರರಿಂದ ಭಾಗಿಸುವ ಪದ್ಧತಿ ಇದೆ. 60 ಕಿಲೋ ತೂಕದವರಿಗೆ ಸುಮಾರು 2 ಗ್ರಾಂ ಬರುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಅದು ಎಲೆಯಲ್ಲ, ಎಲೆಯನ್ನು ಒಣಗಿಸಿ, ಆಲ್ಕೋಹಾಲಿನಲ್ಲೋ ನೀರಿನಲ್ಲೋ ನೆನೆಸಿ, ಸೋಸಿ, ಭಟ್ಟಿ ಇಳಿಸಿ ಉಳಿದ ಗಟ್ಟಿ ಸಾರ. ಅಷ್ಟು ಸಾರಕ್ಕೆ ಬೇಕಾಗುವ ಹಸಿ ಎಲೆ ಎರಡಲ್ಲ, ಒಂದು ಕಟ್ಟು. ದಿನಾ.

ಹಾಗಾದರೆ ಮನುಷ್ಯರಲ್ಲಿ ಏನು ಕಂಡಿದೆ? ಅಮೆರಿಕದಲ್ಲಿ ಸುಮಾರು 2 ಲಕ್ಷ ನರ್ಸ್‌ಗಳು ಮತ್ತು ಆರೋಗ್ಯ ಕ್ಷೇತ್ರದವರ ಊಟದ ಲೆಕ್ಕ ಇಟ್ಟು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಂಥೋಸಯನಿನ್ ಜಾಸ್ತಿ ತಿನ್ನುವವರಿಗೆ ಟೈಪ್ 2 ಕಾಯಿಲೆ ಕಡಿಮೆ ಬಂದಿತ್ತು. ಒಳ್ಳೆಯ ಸುದ್ದಿಯೇ. ಆದರೆ ಬ್ಲೂಬೆರಿ, ಸೇಬು ತಿನ್ನುವವರು ಬೇರೆ ವಿಷಯದಲ್ಲೂ ಹುಷಾರಾಗಿರುವ ಜನ. ವಾಕಿಂಗ್ ಮಾಡುವವರು, ಸಿಗರೇಟು ಮುಟ್ಟದವರು. ಯಾವುದರಿಂದ ಯಾವುದು ಅಂತ ಬಿಡಿಸೋದು ಕಷ್ಟ. ಬಿಡಿಸಬೇಕಾದರೆ ಚೀಟಿ ಎತ್ತಿ ಅರ್ಧ ಜನಕ್ಕೆ ಫ್ಲೇವನಾಯ್ಡ್, ಅರ್ಧ ಜನಕ್ಕೆ ಖಾಲಿ ಕ್ಯಾಪ್ಸೂಲ್ ಕೊಟ್ಟು ನೋಡಬೇಕು. ಕೋಸ್ಮೋಸ್ ಅನ್ನುವ ಪ್ರಯೋಗದಲ್ಲಿ ಹಾಗೇ ಮಾಡಿದರು. 21,000ಕ್ಕೂ ಹೆಚ್ಚು ಹಿರಿಯರನ್ನು ಸೇರಿಸಿ, ಅವರಲ್ಲಿ ಅರ್ಧದಷ್ಟು ಜನಕ್ಕೆ ಕೋಕೋದಿಂದ ತೆಗೆದ ಫ್ಲೇವನಾಲ್ (ಇದೂ ಫ್ಲೇವನಾಯ್ಡ್ ಬಳಗದ್ದೇ) ದಿನಕ್ಕೆ 500 ಮಿಲಿಗ್ರಾಂ ಕೊಟ್ಟು ವರ್ಷಗಟ್ಟಲೆ ಕಾದರು. ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಅದರಿಂದ ಕಡಿಮೆಯಾಗಲಿಲ್ಲ. ನಮ್ಮ ನೇರಳೆ ಮರದ ಎಲೆಯ ಕಷಾಯವನ್ನು ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯ ವೈದ್ಯರು ಸಕ್ಕರೆ ಕಾಯಿಲೆಯವರಿಗೆ ಕೊಟ್ಟು, ಗ್ಲೈಬುರೈಡ್ ಮಾತ್ರೆಯ ಜೊತೆ ಹೋಲಿಸಿ ನೋಡಿದರು. ಮಾತ್ರೆ ತಗೊಂಡವರ ಸಕ್ಕರೆ ಇಳಿಯಿತು. ಕಷಾಯ ಕುಡಿದವರದ್ದು ಇಳಿಯಲಿಲ್ಲ.

ಇಷ್ಟು ಓದಿ, ಫ್ಲೇವನಾಯ್ಡ್ ಅಂದರೆ ಬರೀ ಗಾಳಿಸುದ್ದಿ ಅಂದುಕೊಂಡರೆ ಅದೂ ತಪ್ಪು. ಯಾಕೆಂದರೆ ಈ ಬಳಗದ ಒಂದು ವಸ್ತು ನಿಜವಾಗಿಯೂ ಮಾತ್ರೆಯ ತನಕ ಹೋಗಿದೆ. ಅದಕ್ಕೆ ಹಿಡಿದ ಕಾಲ ಒಂದೂಮುಕ್ಕಾಲು ಶತಮಾನ. ನನಗೆ ತುಂಬಾ ಇಷ್ಟವಾದ ಕಥೆ ಇದು.

1835ರಲ್ಲಿ ಯುರೋಪಿನ ರಸಾಯನ ವಿಜ್ಞಾನಿಗಳು ಸೇಬಿನ ಮರದ ಬೇರಿನ ತೊಗಟೆಯಿಂದ ಒಂದು ಕಹಿ ಪುಡಿ ತೆಗೆದರು. ಹೆಸರು ಫ್ಲೋರಿಜಿನ್. ಆಗ ಜ್ವರಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯ ಹಾಗೆ ಕಹಿ ಇದ್ದಿದ್ದರಿಂದ ಇದೂ ಜ್ವರಕ್ಕೆ ಮದ್ದಾದೀತು ಅಂತ ಆಸೆಪಟ್ಟರು. 1886ರಲ್ಲಿ ಜರ್ಮನಿಯ ಜೋಸೆಫ್ ಫಾನ್ ಮೆರಿಂಗ್ ಬೇರೆಯೇ ಒಂದು ವಿಷಯ ಕಂಡುಕೊಂಡರು. ಫ್ಲೋರಿಜಿನ್ ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ! ಮೂತ್ರದಲ್ಲಿ ಸಕ್ಕರೆ ಅಂದರೆ ಆ ಕಾಲಕ್ಕೆ ಕಾಯಿಲೆಯ ಗುರುತು. ಹಾಗಾಗಿ ಇದು ಸಕ್ಕರೆ ಕಾಯಿಲೆಯನ್ನು ತರಿಸುವ ವಸ್ತು ಅನ್ನಿಸಿಕೊಂಡಿತು. ಮದ್ದನ್ನು ಕೈಯಲ್ಲಿ ಹಿಡಿದುಕೊಂಡು ರೋಗ ಅಂತ ಹೆಸರಿಟ್ಟ ಹಾಗಾಯ್ತು.

ಒಳಗೆ ನಡೆಯುವುದು ಇಷ್ಟು. ಮೂತ್ರಪಿಂಡ ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನು ರಕ್ತದಿಂದ ಸೋಸಿ ಕೆಳಗೆ ಬಿಡುತ್ತದೆ. ಅಷ್ಟನ್ನೂ ಚೆಲ್ಲಿದರೆ ಬದುಕುವುದು ಹೇಗೆ? ಅದಕ್ಕೆ ಮೂತ್ರ ಹರಿಯುವ ಕೊಳವೆಯ ಗೋಡೆಯಲ್ಲೇ ಕೂತ ಕೂಲಿಯಾಳುಗಳು ಅದನ್ನು ಮತ್ತೆ ರಕ್ತಕ್ಕೆ ಹೊತ್ತು ಹಾಕುತ್ತಾರೆ. ಮುಖ್ಯ ಕೂಲಿಯಾಳಿನ ಹೆಸರು ಎಸ್‌ಜಿಎಲ್‌ಟಿ2. ಸುಮಾರು ನೂರಕ್ಕೆ ತೊಂಬತ್ತರಷ್ಟು ಹೊರುವುದು ಅವನೇ. ಫ್ಲೋರಿಜಿನ್ ಹೋಗಿ ಅವನ ಕೈ ಹಿಡಿದುಕೊಳ್ಳುತ್ತದೆ. ಹೊರಲಾಗದ ಸಕ್ಕರೆ ಮೂತ್ರದಲ್ಲಿ ಹರಿದು ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇರುವವರಿಗೆ ಇದು ವರ ಅಲ್ವಾ? 1987ರಲ್ಲಿ ಇಲಿಗಳ ಮೇಲೆ ಅದು ಚೆನ್ನಾಗಿಯೇ ಕಂಡಿತು.

ಆದರೆ ಬಾಯಲ್ಲಿ ನುಂಗಿದರೆ ಫ್ಲೋರಿಜಿನ್ ಕೆಲಸ ಮಾಡುವುದಿಲ್ಲ. ಕರುಳಿನಲ್ಲಿ ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಇದೆಯಲ್ಲ, ಅದೇ ಕಿಣ್ವ ಫ್ಲೋರಿಜಿನ್ನನ್ನೂ ಎರಡು ತುಂಡು ಮಾಡಿಬಿಡುತ್ತದೆ. ತುಂಡಾಗದೆ ಉಳಿದದ್ದು ಕರುಳಿನ ಬೇರೆ ಕೂಲಿಯಾಳಿನ ಕೈಯನ್ನೂ ಹಿಡಿದು ಭೇದಿ ತರಿಸುತ್ತದೆ. ಇಲ್ಲಿ ರಸಾಯನ ವಿಜ್ಞಾನಿಗಳ ಕೈಚಳಕ ನೋಡಬೇಕು. ಫ್ಲೋರಿಜಿನ್‌ನಲ್ಲಿ ಸಕ್ಕರೆಯ ಭಾಗವನ್ನು ಉಳಿದ ಮೈಗೆ ಹೊಲಿದಿರುವುದು ಒಂದು ಆಮ್ಲಜನಕದ ಪರಮಾಣು. ಕಿಣ್ವ ಕತ್ತರಿಸುವುದು ಅಲ್ಲೇ. ಆ ಆಮ್ಲಜನಕವನ್ನು ತೆಗೆದು ನೇರವಾಗಿ ಇಂಗಾಲಕ್ಕೆ ಇಂಗಾಲ ಹೊಲಿದರು. ಕತ್ತರಿಗೆ ಹಿಡಿತ ಸಿಗದೇ ಹೋಯ್ತು. ಎಸ್‌ಜಿಎಲ್‌ಟಿ2ವನ್ನು ಮಾತ್ರ ಹುಡುಕಿ ಹಿಡಿಯುವಂತೆ ಉಳಿದ ಮೈಯನ್ನೂ ತಿದ್ದಿದರು. ಹಾಗೆ ಹುಟ್ಟಿದ್ದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು. ಡಾಪಾಗ್ಲಿಫ್ಲೋಜಿನ್‌ಗೆ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಇಲ್ಲಿ 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದು, ಈಗ ತಾಲ್ಲೂಕು ಪೇಟೆಯ ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ.

ಡೋಸ್ ಎಷ್ಟು ಗೊತ್ತಾ? ದಿನಕ್ಕೆ 10 ಮಿಲಿಗ್ರಾಂ. ಎರಡೂವರೆ ಕಿಲೋ ಈರುಳ್ಳಿಯ ಪಕ್ಕ ಇದನ್ನಿಟ್ಟು ನೋಡಿ. ಸಕ್ಕರೆ ಇಳಿಸುವುದರ ಜೊತೆಗೆ ಹೃದಯ ಸೋಲುವುದನ್ನೂ ಮೂತ್ರಪಿಂಡ ಹಾಳಾಗುವುದನ್ನೂ ಇದು ತಡೆಯುತ್ತದೆ ಅಂತ ಸಾವಿರಾರು ರೋಗಿಗಳ ಪ್ರಯೋಗಗಳಲ್ಲಿ ಗೊತ್ತಾಗಿದೆ. ತೊಂದರೆಗಳೂ ಅಷ್ಟೇ ಸ್ಪಷ್ಟವಾಗಿ ಗೊತ್ತಾಗಿವೆ: ಮೂತ್ರದ ದಾರಿಯಲ್ಲಿ ಸಕ್ಕರೆ ಇರುವುದರಿಂದ ಗುಪ್ತಾಂಗದಲ್ಲಿ ಫಂಗಸ್ ಸೋಂಕು, ಮೈಯಲ್ಲಿ ನೀರು ಕಡಿಮೆಯಾಗುವುದು, ಅಪರೂಪಕ್ಕೆ ಕೀಟೋಆಸಿಡೋಸಿಸ್ ಅನ್ನುವ ಗಂಭೀರ ಸ್ಥಿತಿ. ಈಗಿನ ಈ ಮಾತ್ರೆ ಫ್ಲೇವನಾಯ್ಡ್ ಅಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಫ್ಲೇವನಾಯ್ಡಿನ ಮೊಮ್ಮಗ ಅನ್ನಬಹುದು. ಅಜ್ಜನ ಮೈಯಲ್ಲಿ ಏನು ಕೊರತೆ ಇತ್ತೋ ಅದನ್ನು ತಿದ್ದಿದ್ದರಿಂದಲೇ ಮೊಮ್ಮಗ ಕೆಲಸಕ್ಕೆ ಬಂದ. ಶುಗರಿಗೆ ನಾವೆಲ್ಲ ನುಂಗುವ ಮೆಟ್‌ಫಾರ್ಮಿನ್ ಕೂಡ ಯುರೋಪಿನ ಒಂದು ಗಿಡದ ವಸ್ತುವನ್ನು ತಿದ್ದಿ ಬಂದದ್ದೇ. ಅದು ಫ್ಲೇವನಾಯ್ಡ್ ಬಳಗವಲ್ಲ ಅಷ್ಟೆ. ಆ ಗಿಡವನ್ನು ಹಾಗೇ ಮೇಯ್ದರೆ ಕುರಿಗಳು ಸಾಯುತ್ತವೆ.

ಸೊಪ್ಪು, ಈರುಳ್ಳಿ, ನೇರಳೆ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಧಾರಾಳವಾಗಿ ತಿನ್ನಿ. ನುಗ್ಗೆಸೊಪ್ಪಿನ ಪಲ್ಯ ತಟ್ಟೆಯಲ್ಲಿ ಜಾಸ್ತಿಯಾದರೆ ಅನ್ನಕ್ಕೆ ಜಾಗ ಕಡಿಮೆಯಾಗುತ್ತದೆ, ಆ ಒಂದೇ ಕಾರಣಕ್ಕೂ ಒಳ್ಳೆಯದು. ರಾಗಿಯಲ್ಲಿ ಫ್ಲೇವನಾಯ್ಡ್ ಇದೆ ಅಂತ ಮೂರನೇ ಮುದ್ದೆ ನುಂಗಿದರೆ ಮಾತ್ರ ಪಿಷ್ಟ ತನ್ನ ಕೆಲಸ ಮಾಡುತ್ತದೆ. ಕಷಾಯಕ್ಕೆ ಬೆಲ್ಲ ಹಾಕಿ ಕುಡಿಯುವವರಿಗೆ ಏನು ಹೇಳಬೇಕೋ ಗೊತ್ತಿಲ್ಲ.

ಹುಷಾರಾಗಿರಬೇಕಾದ್ದು ಪುಡಿ ಮತ್ತು ಕ್ಯಾಪ್ಸೂಲುಗಳ ಬಗ್ಗೆ. ಗಿಡಮೂಲಿಕೆ ಅಂತ ಮಾರುವ ಶುಗರ್ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಥರದ ಶುಗರ್ ಮಾತ್ರೆಯ ಮದ್ದನ್ನೇ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಪುಡಿ ತಿಂದ ಮೂರೇ ದಿನಕ್ಕೆ ಸಕ್ಕರೆ ಇಳಿಯಿತು ಅಂದರೆ ಖುಷಿಪಡುವ ಮೊದಲು ಅನುಮಾನ ಪಡಿ. ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರು ಅದರ ಮೇಲೆ ಇಂಥದ್ದನ್ನೂ ಸೇರಿಸಿದರೆ ಸಕ್ಕರೆ ತೀರಾ ಕೆಳಗೆ ಬಿದ್ದು, ಬೆವರಿ, ನಡುಗಿ, ತಲೆ ತಿರುಗಿ ಬೀಳುವ ಅಪಾಯ ಇದೆ. ಚಕ್ಕೋತ ತಿನ್ನುವ ಅಭ್ಯಾಸ ಇದ್ದು ಕೊಲೆಸ್ಟ್ರಾಲ್ ಮಾತ್ರೆಯನ್ನೂ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಆ ಜಾತಿಯ ಹಣ್ಣುಗಳು ಕೆಲವು ಮಾತ್ರೆಗಳು ಮೈಯಿಂದ ಖಾಲಿಯಾಗುವುದನ್ನು ತಡೆಯುತ್ತವೆ.

ಚಿಕ್ಕಮ್ಮನ ಕಾಲು ಈಗ ಮಾಯಿದೆ. ಮೆಟ್‌ಫಾರ್ಮಿನ್ ಮತ್ತೆ ಶುರು ಮಾಡಿ, ಜೊತೆಗೆ ಡಾಪಾಗ್ಲಿಫ್ಲೋಜಿನ್ ಕೊಟ್ಟಿದ್ದಾರೆ. ಇದು ಸೇಬಿನ ಬೇರಿನ ವಂಶದ ಮಾತ್ರೆ ಅಂತ ನಾನು ಹೇಳಿದ್ದಕ್ಕೆ ತುಂಬಾ ಖುಷಿಪಟ್ಟರು. ಎಲೆ ಅಗಿಯುವುದನ್ನು ಬಿಟ್ಟಿಲ್ಲ, ಡಾಕ್ಟರಿಗೆ ಹೇಳಿ ಒಂದು ಎಲೆಗೆ ಇಳಿಸಿದ್ದಾರೆ. ಹೋದ ವಾರ ಫೋನ್ ಮಾಡಿದ್ದರು. "ಜೂನಲ್ಲಿ ಅಷ್ಟೊಂದು ನೇರಳೆ ಬೀಜ ಒಣಗಿಸಿ ಡಬ್ಬೀಲಿಟ್ಟಿದೀನಲ್ಲೋ, ಪುಡಿ ಮಾಡೋದು ಬೇಡ ಅಂತೀಯ. ಹಿತ್ತಲಲ್ಲಿ ಬಿತ್ತಲಾ?"

ಒಣಗಿದ ನೇರಳೆ ಬೀಜ ಮೊಳೆಯುವುದಿಲ್ಲ ಅಂತ ಅವರಿಗೆ ಇನ್ನೂ ಹೇಳಿಲ್ಲ.